ಆವಣಿಗೆ ಹೋಗಿಬಂದ ಮೂರು ದಿನ

ಮೊದಲ ದಿನ, ಶನಿವಾರ

ಬೆಂಗಳೂರಿಂದ ಕೋಲಾರ ಜಿಲ್ಲೆಯ ಆವಣಿ ಹತ್ತಿರದ ಅಕ್ಕನ ಊರಿಗೆ ಹೆಚ್ಚೆಂದರೆ ಮೂರು ಗಂಟೆ ದಾರಿ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಅವಳ ಮನೆಯಲ್ಲಿರಬಹುದು. ಆದರೆ ನಾನು ಮೂರು ದಿನ ರಜೆ ಹಾಕಿದೆ. ನೇರವಾಗಿ ಹೋಗಿ ಅವಳ ಬಾಗಿಲಲ್ಲಿ ನಿಲ್ಲುವ ಧೈರ್ಯ ಇರಲಿಲ್ಲ. ಆ ಹೊಸ್ತಿಲು ತುಳಿದು ಒಂಬತ್ತು ವರ್ಷ ಆಗಿತ್ತು.

ನಡೆದಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮಾಲೂರು ತಾಲ್ಲೂಕಿನಲ್ಲಿ ನಮ್ಮ ತಾತನ ಕಾಲದ ಮೂರು ಎಕರೆ ಹತ್ತು ಗುಂಟೆ ಜಮೀನಿತ್ತು. ಅಮ್ಮ ಮೊದಲೇ ಹೋಗಿದ್ದಳು, ಅಪ್ಪ 2009ರಲ್ಲಿ ತೀರಿಕೊಂಡರು. ಮಕ್ಕಳು ನಾವಿಬ್ಬರೇ. 2016ರಲ್ಲಿ ನಾನು ಅಕ್ಕನನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡೆ. ‘ಖಾತೆ ಬದಲಾಯಿಸೋಕೆ ಬೇಕು ಕಣಕ್ಕ, ಸುಮ್ನೆ ಒಂದು ಸಹಿ’ ಅಂದೆ. ನಲವತ್ತು ಸಾವಿರ ರೂಪಾಯಿ ಕೊಟ್ಟೆ, ಒಂದು ರೇಷ್ಮೆ ಸೀರೆ ಕೊಟ್ಟೆ. ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಗೆ ನಮ್ಮ ಜಮೀನು ಹೋಗುತ್ತೆ, ಪರಿಹಾರದ ದುಡ್ಡು ಬರುತ್ತೆ ಅಂತ ನನಗೆ ಆಗಲೇ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡಿದ್ದೆ.

ಎರಡು ಎಕರೆ ರಸ್ತೆಗೆ ಹೋಯಿತು. ಆ ದುಡ್ಡಿನಲ್ಲಿ ನಾನು ಬೆಂಗಳೂರಲ್ಲಿ ಮನೆ ಕಟ್ಟಿಸಿದೆ. ಅಕ್ಕನಿಗೆ ವಿಷಯ ತಿಳಿದದ್ದು ಊರಿನ ಯಾರದೋ ಮದುವೆಯಲ್ಲಿ. ಅವಳು ಜಗಳ ಆಡಲಿಲ್ಲ, ಫೋನ್ ಮಾಡಿ ಬೈಯಲೂ ಇಲ್ಲ. ಆ ವರ್ಷದ ಗೌರಿ ಹಬ್ಬಕ್ಕೆ ನಾನು ಕಳಿಸಿದ ದುಡ್ಡು ವಾಪಸ್ ಬಂತು. ಮುಂದಿನ ವರ್ಷವೂ ಅಷ್ಟೇ. ಆಮೇಲೆ ನಾನು ಕಳಿಸುವುದನ್ನೇ ಬಿಟ್ಟೆ.

ಹೋದ ತಿಂಗಳು ರಾತ್ರಿ ಊಟಕ್ಕೆ ಕೂತಾಗ ಮಗ ಪಾಠದ ವಿಷಯ ತೆಗೆದ. ಅವನು ಕಾನೂನು ಓದುತ್ತಿದ್ದಾನೆ. 2005ರ ತಿದ್ದುಪಡಿ ಬಂದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಗಳಿಗೂ ಗಂಡುಮಗನಷ್ಟೇ ಹಕ್ಕು, ಅದು ಹುಟ್ಟಿನಿಂದಲೇ ಬರುವ ಹಕ್ಕು ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ ಅಂತ ವಿವರಿಸಿದ. ಹೇಳ್ತಾ ಹೇಳ್ತಾ ತುತ್ತು ಕೈಯಲ್ಲೇ ನಿಂತಿತು.

‘ಅಪ್ಪಾ, ಹಾಗಾದ್ರೆ ಅತ್ತೆ ಪಾಲು ಏನಾಯ್ತು?’

ನನಗೆ ತಟ್ಟನೆ ಬಂದ ಉತ್ತರ, ‘ನಿನಗೋಸ್ಕರ ತಾನೇ ಮಾಡಿದ್ದು!’

‘ನಾನು ಕೇಳಿದ್ನಾ ಅಪ್ಪಾ?’

ಅವನು ಗಟ್ಟಿಯಾಗಿ ಹೇಳಲಿಲ್ಲ. ತಟ್ಟೆ ಎತ್ತಿಕೊಂಡು ಎದ್ದು ಹೋದ. ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಹತ್ತಿಲ್ಲ.

ಕೋಲಾರದ ಬಸ್ಸಿನಲ್ಲಿ ಪಕ್ಕ ಕೂತವರು ಟೊಮೆಟೊ ಬೆಳೆಯುವ ರೈತರು. ಹದಿನೈದು ಕೆ.ಜಿ. ಬಾಕ್ಸಿನ ರೇಟು ಹೇಳುತ್ತಾ ಬಂದರು. ನರಸಾಪುರ ದಾಟುವಾಗ ಕಿಟಕಿಯಾಚೆ ಕೈ ತೋರಿಸಿದರು. ನಾನು ಚಿಕ್ಕವನಿದ್ದಾಗಿನಿಂದ ಈ ಕಡೆ ಒಣಗಿದ ಕೆರೆ, ಜಾಲಿ ಮುಳ್ಳು ನೋಡಿದ್ದೇ ಜಾಸ್ತಿ. ಈಗ ನೀರು ತುಂಬಿತ್ತು, ಬೆಳ್ಳಕ್ಕಿ ಕೂತಿದ್ದವು. ಕೆ.ಸಿ. ವ್ಯಾಲಿ ನೀರು. ಬೆಂಗಳೂರಿನ ಕೊಳಚೆ ನೀರನ್ನೇ ಎರಡು ಹಂತದಲ್ಲಿ ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ಅನ್ನೋದು ಯೋಜನೆ. ‘ಬೋರಲ್ಲಿ ನೀರು ಬಂದಿದೆ ಸ್ವಾಮಿ, ಅದು ಸುಳ್ಳಲ್ಲ. ಆದ್ರೆ ಮೂರನೇ ಸಲಾನೂ ಶುದ್ಧ ಮಾಡಿ ಕಳಿಸಿ ಅಂತ ನಾವು ಕೇಳ್ತಾನೇ ಇದೀವಿ’ ಅಂದರು ಅವರು. ಎರಡು ಸಲ ತೊಳೆದರೆ ಸಾಲದು ಅನ್ನುವ ಅವರ ಮಾತು ನನ್ನ ಜೊತೆಗೇ ಕೋಲಾರದಲ್ಲಿ ಇಳಿಯಿತು.

ಲಾಡ್ಜಿನಲ್ಲಿ ಚೀಲ ಇಟ್ಟು ಸಂಜೆ ಅಂತರಗಂಗೆಗೆ ಆಟೋ ಹಿಡಿದೆ. ಊರಿಂದ ಮೂರ್ನಾಲ್ಕು ಕಿಲೋಮೀಟರ್. ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರ ಗುಡಿ, ಮುಂದೆ ಕಲ್ಯಾಣಿ, ಕಲ್ಲಿನ ಬಸವನ ಬಾಯಿಂದ ಸಣ್ಣಗೆ ಬೀಳುವ ನೀರು. ಬೇಸಿಗೆಯಲ್ಲೂ ನಿಲ್ಲದ ನೀರು ಅಂತ ಅಪ್ಪ ನಮ್ಮಿಬ್ಬರನ್ನೂ ಇಲ್ಲಿಗೆ ಕರೆದುಕೊಂಡು ಬಂದಿದ್ದರು. ಕೋತಿ ನನ್ನ ಕೈಲಿದ್ದ ಬಾಳೆಹಣ್ಣು ಕಿತ್ತುಕೊಂಡಾಗ ಅಕ್ಕ ತನ್ನದನ್ನು ಮುರಿದು ಅರ್ಧ ಕೊಟ್ಟಿದ್ದಳು. ಅರ್ಧಕ್ಕಿಂತ ಸ್ವಲ್ಪ ಜಾಸ್ತೀನೇ ಕೊಟ್ಟಿದ್ದಳು.

ಈ ಶತಶೃಂಗ ಬೆಟ್ಟಕ್ಕೆ ಪರಶುರಾಮನ ಕಥೆ ಅಂಟಿಕೊಂಡಿದೆ. ಇಲ್ಲೇ ಜಮದಗ್ನಿ, ರೇಣುಕೆ ಇದ್ದರು, ಕಾರ್ತವೀರ್ಯನನ್ನು ಕೊಂದ ಕೋಲಾಹಲದಿಂದಲೇ ಊರಿಗೆ ಹೆಸರು ಬಂತು ಅಂತ ಹೇಳುತ್ತಾರೆ. ಅಪ್ಪನ ಮಾತಿಗೆ ಪರಶುರಾಮ ತಾಯಿಯ ತಲೆ ಕಡಿದದ್ದು ಎಲ್ಲರಿಗೂ ಗೊತ್ತು. ವರ ಕೇಳು ಅಂದಾಗ ತಾಯಿ ಬದುಕಲಿ ಅಂದ ಅನ್ನುವುದೂ ಗೊತ್ತು. ಆದರೆ ಮಹಾಭಾರತದ ವನಪರ್ವದಲ್ಲಿ ಅವನು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ತಾನು ಕೊಂದದ್ದು ಅವಳಿಗೆ ನೆನಪಿರಬಾರದು ಅನ್ನುತ್ತಾನೆ. ಆ ಪಾಪ ತನ್ನನ್ನು ಮುಟ್ಟಬಾರದು ಅಂತಲೂ ಕೇಳುತ್ತಾನೆ.

ಮೆಟ್ಟಿಲ ಮೇಲೆ ಕೂತು ಇದನ್ನೇ ಯೋಚಿಸಿದೆ. ಒಂಬತ್ತು ವರ್ಷ ನಾನು ಬೇಡಿಕೊಂಡಿದ್ದೂ ಇಷ್ಟೇ ಅಲ್ವಾ? ಅಕ್ಕ ಮರೆತುಬಿಡಲಿ. ಕಾಲ ಕಳೆದರೆ ಎಲ್ಲ ಸರಿಹೋಗುತ್ತೆ. ಅವಳು ನಕ್ಕು ‘ಹೋಗ್ಲಿ ಬಿಡೋ’ ಅಂದುಬಿಡಲಿ. ನಾನು ಮಾಡಿದ್ದನ್ನು ಸರಿಮಾಡಬೇಕು ಅಂತ ಬೇಡಿಕೊಂಡಿರಲಿಲ್ಲ. ಅವಳ ನೆನಪಿಂದ ಅದು ಅಳಿಸಿಹೋಗಬೇಕು ಅಂತ ಮಾತ್ರ ಬೇಡಿಕೊಂಡಿದ್ದೆ. ಇದು ಗೊತ್ತಾದಾಗ ಕತ್ತಲಾಗಿತ್ತು. ಮೆಟ್ಟಿಲು ಇಳಿಯುವಾಗ ಕಾಲು ನಡುಗುತ್ತಿತ್ತು.

ಎರಡನೇ ದಿನ, ಭಾನುವಾರ

ಮುಳಬಾಗಿಲು ತಲುಪಿದಾಗ ಎಂಟೂವರೆ. ‘ಮೂಡಲ ಬಾಗಿಲು’ ಅನ್ನುವುದೇ ಬಾಯಲ್ಲಿ ಸವೆದು ಮುಳಬಾಗಿಲಾಗಿದೆ. ತಿರುಪತಿಗೆ ಹೋಗುವವರು ಇಲ್ಲಿನ ಆಂಜನೇಯನಿಗೆ ಕೈ ಮುಗಿದು ಹೋಗುವುದು ವಾಡಿಕೆ. ಕುರುಕ್ಷೇತ್ರ ಮುಗಿದ ಮೇಲೆ ಅರ್ಜುನ ಪ್ರತಿಷ್ಠೆ ಮಾಡಿದ ಮೂರ್ತಿ ಅಂತ ಪ್ರತೀತಿ. ನಾನೂ ಕೈ ಮುಗಿದೆ. ದೋಸೆ ತಿಂದೆ. ಮುಳಬಾಗಿಲು ದೋಸೆ ಅಂಚಿನಲ್ಲಿ ಗರಿಗರಿ, ನಡುವೆ ದಪ್ಪಗೆ ಮೆತ್ತಗೆ. ಅವತ್ತು ಅದರ ರುಚಿಯೇ ಹತ್ತಲಿಲ್ಲ.

ಏನು ತೆಗೆದುಕೊಂಡು ಹೋಗಲಿ ಅಂತ ಅಂಗಡಿ ಬೀದಿಯಲ್ಲಿ ಅರ್ಧ ಗಂಟೆ ತಿರುಗಿದೆ. ಸೀರೆ ಅಂಗಡಿ ಮುಂದೆ ನಿಲ್ಲಲೂ ಆಗಲಿಲ್ಲ. ಕೊನೆಗೆ ಎರಡು ಡಜನ್ ಬಾಳೆಹಣ್ಣು, ಎರಡು ಮೊಳ ಹೂವು ಕಟ್ಟಿಸಿಕೊಂಡು ಬಸ್ಸು ಹತ್ತಿದೆ.

ಅಕ್ಕನ ಮನೆ ಆವಣಿ ಹತ್ತಿರದ ಹಳ್ಳಿಯಲ್ಲಿ. ಅವಳು ಜಗಲಿ ಮೇಲೆ ಕೂತು ನೆನೆಹಾಕಿದ ಅವರೆಕಾಳು ಹಿಸುಕುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಲೆ ಎತ್ತಿ ನೋಡಿದಳು. ನೋಡಿದವಳು ಏಳಲಿಲ್ಲ.

‘ಬಂದ್ಯಾ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಕೈಕಾಲು ತೊಳ್ಕೊ’ ಅಂದಳು.

ಭಾವ ಒಳಗಿಂದ ಬಂದು ಕುರ್ಚಿ ಹಾಕಿದರು. ನಾನು ಕುರ್ಚಿ ಬಿಟ್ಟು ಅವಳೆದುರು ನೆಲದ ಮೇಲೆ ಕೂತೆ. ಪಾತ್ರೆಗೆ ಕೈ ಹಾಕಿದೆ. ಅವಳು ಬೇಡ ಅನ್ನಲಿಲ್ಲ.

ಹಿತಕಿದ ಬೇಳೆ ಮಾಡುವುದು ತಾಳ್ಮೆಯ ಕೆಲಸ. ರಾತ್ರಿಯೆಲ್ಲ ನೆಂದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಬೇಕು. ಹದವಾಗಿ ನೆಂದಿದ್ದರೆ ಒಳಗಿನ ಬೇಳೆ ಪುಳಕ್ ಅಂತ ಜಾರಿ ಬೀಳುತ್ತೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತೆ. ಜೋರಾಗಿ ಒತ್ತಿದರೆ ಬೇಳೆ ಒಡೆಯುತ್ತೆ. ನನ್ನ ಕೈಯಲ್ಲಿ ಮೊದಲ ಹತ್ತಿಪ್ಪತ್ತು ಒಡೆದವು. ಅಕ್ಕ ಒಡೆದದ್ದನ್ನು ಬೇರೆ ಹಾಕುತ್ತಾ ಹೋದಳು. ಸೊಗಡಿನ ವಾಸನೆ ಕೈಗೆಲ್ಲ ಹತ್ತಿತು. ಬೆರಳ ತುದಿ ಸುಕ್ಕಾಯಿತು. ಒಂದು ಗಂಟೆ ಇಬ್ಬರೂ ಮಾತಾಡಲಿಲ್ಲ. ಅಮ್ಮ ಇದ್ದಾಗ ಮೂವರೂ ಹೀಗೇ ಕೂರುತ್ತಿದ್ದೆವು. ಅದು ಅವಳಿಗೂ ನೆನಪಾಗಿರಬೇಕು. ಒಂದು ಸಲ ಕೈ ನಿಂತಿತ್ತು.

ಮಧ್ಯಾಹ್ನ ಮುದ್ದೆ, ಹಿತಕಿದ ಬೇಳೆ ಸಾರು. ನನ್ನ ಸಾರಿನಲ್ಲಿ ಖಾರ ಕಮ್ಮಿ ಇತ್ತು. ಎರಡು ವರ್ಷದ ಹಿಂದೆ ನನಗೆ ಎದೆನೋವು ಬಂದು ಸ್ಟೆಂಟ್ ಹಾಕಿದ್ದರು. ಅವಳಿಗೆ ಯಾರು ಹೇಳಿದರೋ.

ರಾತ್ರಿ ಭಾವ ಮಲಗಿದ ಮೇಲೆ ನಾನೇ ಬಾಯಿ ಬಿಟ್ಟೆ. ‘ಅಕ್ಕ, ನಿನಗೆ ಮಾಡಿದ ಅನ್ಯಾಯ ನನಗೆ ತಿರುಗಿ ಬಂತು. ಎದೆನೋವು ಬಂದಾಗ ಮೊದಲು ನೆನಪಾಗಿದ್ದು ನೀನೇ. ಮಾಡಿದ ಕರ್ಮ ಬಿಡುತ್ತಾ?’

ಅವಳು ನನ್ನನ್ನೇ ನೋಡಿದಳು. ‘ನಾನೇನು ನಿನಗೆ ಶಾಪ ಹಾಕಿದ್ನಾ? ಇಪ್ಪತ್ತು ವರ್ಷ ಸಿಗರೇಟು ಸೇದಿದ್ದೆ, ಎದೆ ಕಟ್ಕೊಳ್ತು. ಅದನ್ನ ತಂದು ನನ್ನ ಲೆಕ್ಕಕ್ಕೆ ಯಾಕೆ ಬರೀತೀಯ? ದೇವರು ನಿನಗೆ ಶಿಕ್ಷೆ ಕೊಟ್ಟಾಯ್ತು, ಲೆಕ್ಕ ಚುಕ್ತಾ ಆಯ್ತು ಅಂತಾನಾ?’

ನನಗೆ ಮಾತು ಹೊರಡಲಿಲ್ಲ. ಆ ಸ್ಟೆಂಟನ್ನು ನಾನು ಮನಸ್ಸಿನಲ್ಲೇ ದಂಡ ಕಟ್ಟಿದ ರಸೀದಿಯ ಹಾಗೆ ಇಟ್ಟುಕೊಂಡಿದ್ದೆ. ಅಕ್ಕ ಅದನ್ನು ಒಂದೇ ನೋಟಕ್ಕೆ ಹಿಡಿದುಬಿಟ್ಟಳು. ನೋವು ತಿಂದವರಿಗೆ ಏನೂ ಕೊಡದೆ, ನಾವೂ ಒಂದಿಷ್ಟು ನೋವು ತಿಂದೆವಲ್ಲ ಅಂತ ಸಮಾಧಾನ ಮಾಡಿಕೊಳ್ಳುವುದು ತೀರಾ ಸುಲಭ. ಕರ್ಮ ಅನ್ನುವ ಮಾತನ್ನು ನಾನು ಅಷ್ಟು ವರ್ಷ ಅದಕ್ಕೇ ಬಳಸಿಕೊಂಡಿದ್ದೆ.

‘ಮಲ್ಕೋ. ಬೆಳಿಗ್ಗೆ ಬೆಟ್ಟಕ್ಕೆ ಹೋಗ್ತೀನಿ, ಬರೋದಾದ್ರೆ ಬಾ’ ಅಂದು ದೀಪ ಆರಿಸಿದಳು.

ಮೂರನೇ ದಿನ, ಸೋಮವಾರ

ಮಂಜು ಇನ್ನೂ ಕರಗಿರಲಿಲ್ಲ. ಆವಣಿಯಲ್ಲಿ ಮೊದಲು ರಾಮಲಿಂಗೇಶ್ವರ ಗುಡಿಗೆ ಹೋದೆವು. ಒಂದೇ ಆವರಣದಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಈಶ್ವರ ಗುಡಿಗಳು. ನೊಳಂಬ ಅರಸರ ಕಾಲದ ಕಟ್ಟಡ, ಸಾವಿರ ವರ್ಷದ ಮೇಲಿನದು. ಇಲ್ಲಿ ನಲವತ್ತು ವರ್ಷ ಇದ್ದು, ಐವತ್ತು ಗುಡಿ ಕಟ್ಟಿಸಿ, ಎರಡು ದೊಡ್ಡ ಕೆರೆ ತೋಡಿಸಿ 961ರಲ್ಲಿ ತೀರಿಕೊಂಡ ತ್ರಿಭುವನಕರ್ತ ಅನ್ನುವ ಗುರುವಿನ ವಿಷಯ ಶಾಸನದಲ್ಲಿದೆ. ಶಿವರಾತ್ರಿ ಸಮಯದಲ್ಲಿ ದನಗಳ ಜಾತ್ರೆಗೆ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅವತ್ತು ಮಾತ್ರ ನಾವಿಬ್ಬರು, ಪೂಜಾರಿ, ಗರಿಕೆ ಮೇಯುವ ಒಂದು ಕರು.

ಊರಿನವರು ಹೇಳುವ ಕಥೆ ಹೀಗೆ. ಕಾಡಿಗೆ ಬಿಟ್ಟ ಸೀತೆ ಈ ಬೆಟ್ಟದ ವಾಲ್ಮೀಕಿ ಆಶ್ರಮದಲ್ಲಿ ಲವಕುಶರನ್ನು ಹೆತ್ತಳು. ಅಶ್ವಮೇಧದ ಕುದುರೆಯನ್ನು ಮಕ್ಕಳು ಕಟ್ಟಿಹಾಕಿದರು. ಗೊತ್ತಿಲ್ಲದೆ ಅಪ್ಪ, ಚಿಕ್ಕಪ್ಪಂದಿರೇ ಅವರ ಮೇಲೆ ಯುದ್ಧಕ್ಕೆ ಬಂದರು. ಗೊತ್ತಾದ ಮೇಲೆ ಆ ಪಾಪ ಕಳೆಯಲು ಅಣ್ಣತಮ್ಮಂದಿರು ಒಬ್ಬೊಬ್ಬರೂ ಒಂದೊಂದು ಲಿಂಗ ನಿಲ್ಲಿಸಿದರು.

ಬೆಟ್ಟ ಹತ್ತಲು ಶುರು ಮಾಡಿದೆವು. ದೊಡ್ಡ ದೊಡ್ಡ ಬಂಡೆ, ನಡುವೆ ದಾರಿ. ಅಕ್ಕ ಮುಂದೆ, ನಾನು ಹಿಂದೆ. ಹತ್ತು ಹೆಜ್ಜೆಗೊಮ್ಮೆ ನಿಂತು ನನ್ನ ಉಸಿರು ಹೇಗಿದೆ ಅಂತ ನೋಡುತ್ತಿದ್ದಳು. ನೋಡಿದ್ದು ಗೊತ್ತಾಗಬಾರದು ಅಂತ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ವಾಲ್ಮೀಕಿ ಇದ್ದ ಅನ್ನುವ ಗುಹೆ ಹತ್ತಿರ ಕೂತೆವು. ವಾಲ್ಮೀಕಿ ಮೊದಲು ದಾರಿಹೋಕರನ್ನು ದೋಚುತ್ತಿದ್ದ ಬೇಡ ಅನ್ನುವ ಕಥೆಯನ್ನು ಅಮ್ಮ ನಮಗೆ ಎಷ್ಟು ಸಲ ಹೇಳಿದ್ದಳೋ. ಈ ಪಾಪದಲ್ಲಿ ನಿನ್ನ ಹೆಂಡತಿ ಮಕ್ಕಳು ಪಾಲು ತಗೋತಾರಾ, ಕೇಳಿ ಬಾ ಅಂತ ನಾರದ ಕಳಿಸುತ್ತಾನೆ. ನಮ್ಮನ್ನು ಸಾಕೋದು ನಿನ್ನ ಕೆಲಸ, ಪಾಪ ನಿನ್ನದೇ ಅನ್ನುತ್ತಾರೆ ಮನೆಯವರು. ಮಗ ಅವತ್ತು ತಟ್ಟೆ ಎತ್ತಿಕೊಂಡು ಹೋದದ್ದನ್ನು ಅಕ್ಕನಿಗೆ ಹೇಳಿದೆ. ಅವಳು ಮೊದಲ ಸಲ ನಕ್ಕಳು. ‘ಒಳ್ಳೆ ಮಗನ್ನ ಬೆಳೆಸಿದೀಯ’ ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ಕಣ್ಣಲ್ಲಿ ನೀರು ಬಂತು.

ಮೇಲೆ ಸೀತಮ್ಮನ ಗುಡಿ. ಮಕ್ಕಳಾಗದವರು ಹರಕೆ ಹೊತ್ತು ಬರುವ ಜಾಗ. ಕೈ ಮುಗಿದು ಹೊರಗೆ ಬಂಡೆ ಮೇಲೆ ಕೂತೆವು. ಕೆಳಗೆ ರಾಮಲಿಂಗೇಶ್ವರ ಗುಡಿ, ಅದರಾಚೆ ಕೆರೆ, ಟೊಮೆಟೊ ತೋಟದ ಕೋಲುಗಳ ಸಾಲು.

‘ನೋಡು’ ಅಂದಳು ಅಕ್ಕ. ‘ಅಣ್ಣತಮ್ಮಂದಿರು ನಾಲ್ಕೂ ಜನ ಅಲ್ಲಿ ಕೆಳಗೆ ಲಿಂಗ ನಿಲ್ಲಿಸಿ ಪಾಪ ತೊಳ್ಕೊಂಡ್ರು. ಇವಳು ಇಲ್ಲಿ ಮೇಲೆ ಒಬ್ಬಳೇ. ಇವಳ ಹತ್ರ ಹತ್ತಿ ಬಂದು ಯಾರಾದ್ರೂ ಕೇಳಿದ್ರಾ? ನಾನು ಮದುವೆಯಾಗಿ ಬಂದಾಗಿಂದ ಇಲ್ಲಿಗೆ ಬರ್ತೀನಿ. ಪ್ರತಿ ಸಲ ಇದೇ ಯೋಚನೆ ಬರುತ್ತೆ.’

ನಾನು ಅವಳ ಕಾಲು ಮುಟ್ಟಲು ಬಗ್ಗಿದೆ. ಅವಳು ಕೈ ಹಿಡಿದು ತಡೆದಳು.

‘ಬೇಡ. ಕಾಲು ಹಿಡಿದ್ರೆ ನಾನು ಕ್ಷಮಿಸ್ದೆ ಅನ್ನಲೇಬೇಕಾಗುತ್ತೆ. ಹಿರಿಯಳು ನೋಡು. ಬಾಯಲ್ಲಿ ಹೇಳೋದು ಕಷ್ಟವಲ್ಲ. ಆದ್ರೆ ನನ್ನ ಹೊಟ್ಟೆಯಲ್ಲಿ ಇರೋದನ್ನ ಮೊದಲು ಕೇಳು.’

ಕೇಳಿದೆ.

‘ಜಮೀನು ಹೋಯ್ತು ಅಂತ ಅತ್ತಿಲ್ಲ ಕಣೋ. ನೀನು ಬಾಯಿ ಬಿಟ್ಟು ಕೇಳಿದ್ರೆ ಪೂರ್ತಿ ಬರೆದುಕೊಡ್ತಿದ್ದೆನೋ ಏನೋ. ಆ ಸೀರೆ. ಮೆಜೆಂತಾ ಬಣ್ಣ, ಹಸಿರು ಅಂಚು. ಅಪ್ಪ ಹೋದ ಮೇಲೂ ತಮ್ಮ ತವರಿನ ಸೀರೆ ಕೊಟ್ಟ ಅಂತ ಬೀದಿಯಲ್ಲಿ ಎಲ್ಲರ ಮನೆಗೂ ಹೋಗಿ ತೋರಿಸ್ಕೊಂಡು ಬಂದೆ. ಆಮೇಲೆ ಗೊತ್ತಾಯ್ತು ಅದು ಉಡುಗೊರೆ ಅಲ್ಲ, ಬೆಲೆ ಅಂತ. ಅವರೆಲ್ಲರ ಮುಂದೆ ನಾನು ಹೆಂಗೆ ತಲೆ ಎತ್ತಿ ನಡೀಬೇಕಿತ್ತು ಹೇಳು.’

ಗಾಳಿ ಜೋರಾಗಿ ಬೀಸುತ್ತಿತ್ತು. ಒಂಬತ್ತು ವರ್ಷ ನಾನು ಗುಂಟೆ ಲೆಕ್ಕ, ದುಡ್ಡಿನ ಲೆಕ್ಕ ಹಾಕುತ್ತಾ ಮಲಗಿದ್ದೆ. ಸೀರೆ ನನ್ನ ಲೆಕ್ಕದಲ್ಲೇ ಇರಲಿಲ್ಲ. ಅದರ ಬಣ್ಣ ಕೂಡ ನೆನಪಿರಲಿಲ್ಲ. ಆ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಕಟ್ಟಿಸಿಕೊಂಡಿದ್ದೆ.

‘ಉಳಿದಿರೋ ಒಂದು ಎಕರೆ ಹತ್ತು ಗುಂಟೆ ನಿನ್ನ ಹೆಸರಿಗೆ ದಾನಪತ್ರ ಮಾಡ್ತೀನಿ ಅಕ್ಕ. ಪರಿಹಾರದಲ್ಲಿ ನಿನ್ನ ಅರ್ಧ ಒಂದೇ ಸಲ ಕೊಡೋಕೆ ಆಗಲ್ಲ. ಮೂರು ವರ್ಷದಲ್ಲಿ ಕೊಡ್ತೀನಿ. ಬರೆದು ಕೊಡ್ತೀನಿ. ಮನೇಲಿ ಎಲ್ಲರಿಗೂ ಹೇಳಿದೀನಿ. ನಾನು ಮೊದಲಿನ ಹಾಗಿಲ್ಲ ಅಕ್ಕ.’

‘ಅವತ್ತೂ ಹೀಗೇ ಮೆತ್ತಗೆ ಮಾತಾಡಿದ್ದೆ’ ಅಂದಳು.

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬದಲಾಗಿದ್ದೇನೆ ಅಂತ ನಾನು ಎಷ್ಟು ಹೇಳಿದರೂ ಅವಳ ಕಿವಿಗೆ ಅದು ಹಳೆಯ ದನಿಯೇ. ಅದೇ ಬಾಯಿ, ಅದೇ ‘ಅಕ್ಕ’. ನಂಬು ಅಂತ ಕೇಳುವ ಹಕ್ಕನ್ನು ನಾನೇ ಕಳೆದುಕೊಂಡಿದ್ದೆ. ಅದಕ್ಕೇ ಸುಮ್ಮನಾದೆ. ಮಂಜು ಕರಗಿ ಕೆರೆಯ ನೀರು ಹೊಳೆಯುವ ತನಕ ಇಬ್ಬರೂ ಹಾಗೇ ಕೂತಿದ್ದೆವು.

ಇಳಿಯುವಾಗ ಒಂದು ಕಡೆ ಬಂಡೆ ಜಾರುತ್ತಿತ್ತು. ಅವಳು ಹಿಂದೆ ನೋಡದೆ ಕೈ ಚಾಚಿದಳು. ನಾನು ಹಿಡಿದುಕೊಂಡೆ. ಬೆರಳಲ್ಲಿ ಇನ್ನೂ ಅವರೆಯ ಸೊಗಡು ಇತ್ತು.

ಮಧ್ಯಾಹ್ನ ಮುಳಬಾಗಿಲು ಬಸ್ ನಿಲ್ದಾಣದ ತನಕ ಬಂದಳು. ಒಂದು ಸ್ಟೀಲ್ ಡಬ್ಬಿಯಲ್ಲಿ ಹಿತಕಿದ ಬೇಳೆ ಕಟ್ಟಿದ್ದಳು. ‘ಮಗನಿಗೆ’ ಅಂದಳು. ಬೆಂಗಳೂರು ಬಸ್ಸು ಬಂತು. ಹತ್ತಿ ಕಿಟಕಿ ಪಕ್ಕ ಕೂತೆ. ಅವಳು ಕಿಟಕಿ ಹತ್ತಿರ ಬಂದಳು.

‘ರಿಜಿಸ್ಟ್ರೇಶನ್‌ಗೆ ಯಾವತ್ತು ಬರ್ಬೇಕು?’

‘ನೀನು ಹೇಳಿದ ದಿನ.’

‘ಮಗನ್ನೂ ಕರ್ಕೊಂಡು ಬಾ. ಈ ಸಲ ಪತ್ರ ಅವನು ಪೂರ್ತಿ ಓದಿ ಹೇಳ್ಲಿ. ಆಮೇಲೆ ಸಹಿ ಹಾಕ್ತೀನಿ.’

ಬಸ್ಸು ನಂಗಲಿ ಕಡೆಯಿಂದ ಬಂದವರನ್ನು ತುಂಬಿಕೊಂಡು ಹೊರಟಿತು. ಮಗನಿಗೆ ಫೋನ್ ಮಾಡಿ ಅತ್ತೆ ಹೇಳಿದ್ದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಅಪ್ಪಾ, ಕರಡು ಪತ್ರ ಇದ್ರೆ ಇವತ್ತೇ ಕಳಿಸು. ಅತ್ತೆಗೆ ಫೋನಲ್ಲೇ ಒಂದು ಸಲ ಓದಿ ಹೇಳ್ತೀನಿ’ ಅಂದ.